ನನ್ನ ಹರಕೆ, ಅವರ ಗಡ್ಡ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮ್ಯಾನೇಜರ್ ಸಾಹೇಬರೇ, ಕಾರ್ಮಿಕ ಸಂಘದ ಕಾರ್ಯದರ್ಶಿ ಲಕ್ಷ್ಮಯ್ಯನವರೇ, ಒಮ್ಮೆ ನಮ್ಮ ಮನೆಗೆ ಬಂದು ನನ್ನಿಂದ ಮಾತು ಕೇಳಿಸಿಕೊಂಡು ಹೋದ ಸೂಪರ್‌ವೈಸರ್ ನರಸಿಂಹಯ್ಯನವರೇ, ಪ್ಲೇಟಿಂಗ್ ಸೆಕ್ಷನ್ನಿನ ಅಣ್ಣತಮ್ಮಂದಿರೇ, ಹಿಂದಿನ ಬೆಂಚುಗಳಲ್ಲಿ ಕೂತಿರುವ ಅಕ್ಕತಂಗಿಯರೇ, ಸಭಿಕರೇ,

ಬೆಟ್ಟದ ಮೇಲಿನ ತಿಮ್ಮಪ್ಪನನ್ನು ನೆನೆದು ಎದ್ದು ನಿಂತಿದ್ದೇನೆ. ನಾನು ನಾಗಸಂದ್ರದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಮೈಕು ಹಿಡಿದದ್ದು ಇದೇ ಮೊದಲು. ನನ್ನ ಯಜಮಾನರ ಬೀಳ್ಕೊಡುಗೆಯ ದಿನ ಅವರ ಹೆಂಡತಿ ಎರಡು ಮಾತು ಹೇಳಲಿ ಎಂದು ಲಕ್ಷ್ಮಯ್ಯನವರು ಹಟ ಹಿಡಿದರು. ಎರಡೇ ಮಾತು ಸಾಕು ಎಂದಾದರೆ ಹೇಳಿಬಿಡುತ್ತೇನೆ. ಒಂದು, ಈಗ ನೀವು ಹೊಡೆದ ಚಪ್ಪಾಳೆ ಬೇಡವಾಗಿತ್ತು. ಎರಡು, ಪಾಲಿಶ್ ಸೆಕ್ಷನ್ನಿನ ಸೊಣ್ಣಪ್ಪಣ್ಣ ಸೋಮವಾರದೊಳಗೆ ಗಡ್ಡ ಬೋಳಿಸಬೇಕು. ಮಿಕ್ಕ ಮಾತೆಲ್ಲ ಈ ಎರಡು ಮಾತಿಗೆ ಕಾರಣ ಹೇಳುವುದಕ್ಕೆ ಮಾತ್ರ.

ಲಕ್ಷ್ಮಯ್ಯನವರು ಬಹಳ ಚೆನ್ನಾಗಿ ಮಾತಾಡಿದರು. 'ಕಂಪನಿಯವರು ಮಾಸ್ಕ್ ಕೊಟ್ಟು ಗಡ್ಡ ತೆಗೆ ಎಂದಾಗಲೂ ದೇವರಿಗೆ ಬಿಟ್ಟ ಗಡ್ಡವನ್ನು ಮುಟ್ಟದ ಪರಮ ಭಕ್ತರು ನಮ್ಮ ಹನುಮಂತರಾಯಪ್ಪನವರು' ಎಂದರು. ಇಡೀ ಕ್ಯಾಂಟೀನ್ ಚಪ್ಪಾಳೆ ಹೊಡೆಯಿತು. ಇವರು ತಲೆ ತಗ್ಗಿಸಿಕೊಂಡು ಕೂತಿದ್ದರು. ನಾಚಿಕೆ ಎಂದು ನೀವು ತಿಳಿದಿರಿ. ನಾಚಿಕೆಯಲ್ಲ, ಚಪ್ಪಾಳೆಯ ಜೊತೆಗೆ ಕೆಮ್ಮು ಬಂದುಬಿಟ್ಟರೆ ಎಂದು ಉಸಿರು ಹಿಡಿದು ಕೂತಿದ್ದರು. ಪಕ್ಕದಲ್ಲಿದ್ದವಳಿಗೆ ಗೊತ್ತಾಗುವುದಿಲ್ಲವೇ?

ಯಾರ ಭಕ್ತಿ ಸ್ವಾಮೀ? ಹರಕೆ ಹೊತ್ತವಳು ನಾನು. ಗಡ್ಡ ಹೊತ್ತವರು ಇವರು.

ನಮ್ಮ ಕಡೆಯ ಗಂಡಸರ ಮೀಸೆಯ ವಿಚಾರ ನಿಮಗೆ ಗೊತ್ತಿಲ್ಲದ್ದಲ್ಲ. ನಮ್ಮ ಮಾವ ನಲ್ಲಪ್ಪನವರ ಮೀಸೆಗೆ ದಿನಾ ಹರಳೆಣ್ಣೆ ಬೇಕಿತ್ತು. ನನ್ನ ತಲೆಗೆ ಎಣ್ಣೆ ಇಲ್ಲದಿದ್ದರೂ ನಡೆಯುತ್ತಿತ್ತು, ಅವರ ಮೀಸೆಗೆ ಇಲ್ಲದಿದ್ದರೆ ಮನೆಯಲ್ಲಿ ರಂಪ. ಈ ಪೀಣ್ಯದ ಜಮೀನನ್ನು ಕಾರ್ಖಾನೆಗಳಿಗೆಂದು ಅಳೆಯಲು ಬಂದಾಗ ಸರಪಳಿ ಹಿಡಿದವನ ಮುಂದೆ ಹೋಗಿ, 'ನಮ್ಮ ರಾಗಿ ಹೊಲ ಅಳೀತೀಯೇನಯ್ಯ, ಮೊದ್ಲು ಇದನ್ನ ಅಳಿ' ಎಂದು ಮೀಸೆ ತೋರಿಸಿದರಂತೆ. ಅವನು ನಕ್ಕು ಹೊಲ ಅಳೆದುಕೊಂಡು ಹೋದ. ಈಗ ಈ ಕ್ಯಾಂಟೀನ್ ಇರುವ ಜಾಗ ಇದೆಯಲ್ಲ, ಇದರ ಹತ್ತಿರದಲ್ಲೇ ಎಲ್ಲೋ ನಮ್ಮ ಅವರೆ ಸಾಲು ಇತ್ತು.

ಮಾವನವರು ತೀರಿಕೊಂಡ ಹನ್ನೊಂದನೇ ದಿನ ಇವರ ತಲೆ, ಮೀಸೆ ಎರಡನ್ನೂ ತೆಗೆಸಿದರು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಮೊದಲ ಸಲ ನನ್ನ ಗಂಡನ ಮೇಲ್ತುಟಿ ನೋಡಿದೆ. ಬಾವಿಯ ಹತ್ತಿರ ನಿಂತಿದ್ದವರನ್ನು ಯಾರೋ ನೆಂಟರು ಎಂದುಕೊಂಡು ಸೆರಗು ಸರಿಮಾಡಿಕೊಂಡೆ. 'ನಾನೇ ಕಣೆ' ಎಂದರು. ಮೂರು ವಾರದಲ್ಲಿ ಮೀಸೆ ಮತ್ತೆ ಬಂತು.

ಆವತ್ತು ಹೊಳೆಯದ್ದು ಈಗ ಹೊಳೆಯುತ್ತಿದೆ. ಅಪ್ಪ ಇರುವವರೆಗೆ ಮೀಸೆ ಬೋಳಿಸಬಾರದು. ಅಪ್ಪ ಹೋದರೆ ಬೋಳಿಸಲೇಬೇಕು. ಹೆಂಡತಿ ಬಸುರಿಯಾದರೆ ಕತ್ತಿ ಮುಟ್ಟಿಸಬಾರದು. ಮಂಗಳವಾರ ಬೇಡ, ಶುಕ್ರವಾರ ಬೇಡ, ಶನಿವಾರ ದೇವರ ದಿನ, ಅಮಾವಾಸ್ಯೆಯಂತೂ ಕೇಳಲೇಬೇಡಿ. ಮೀಸೆ ಗಂಡಸಿನ ಗತ್ತು ಎನ್ನುತ್ತೇವೆ. ಇಷ್ಟು ಜನ ಅಪ್ಪಣೆ ಕೊಡುವ ಮುಖದಲ್ಲಿ ಗಂಡಸಿನ ಪಾಲು ಎಷ್ಟು? ಆ ಮುಖ ಅವನದು ಎಂದು ಆಗುವುದು ಯಾವಾಗ?

ಇನ್ನು ಹರಕೆಯ ವಿಚಾರ. ನಮ್ಮ ಒಬ್ಬಳೇ ಮಗಳು ನಾಗಲಕ್ಷ್ಮಿಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬಲಿಲ್ಲ. ಎರಡು ಸಲ ನಿಂತು, ಎರಡು ಸಲವೂ ಹೋಯಿತು. ಎಂಬತ್ತನೇ ಇಸವಿಯ ಶ್ರಾವಣ ಶನಿವಾರ ಇವರು ಫಸ್ಟ್ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ನಾನು ದೇವರ ಮುಂದೆ ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಮುಗಿಸಿದ್ದೆ. 'ತಿಮ್ಮಪ್ಪ, ಮಗಳಿಗೊಂದು ಕೂಸು ಕೊಡು. ನನ್ನ ಯಜಮಾನರು ಗಡ್ಡ ಬಿಟ್ಟು ನಿನ್ನ ಬೆಟ್ಟದಲ್ಲೇ ತೆಗೆಸುತ್ತಾರೆ' ಎಂದೆ. ಇವರು ಬಂದು ಕೈಕಾಲು ತೊಳೆದ ಮೇಲೆ ಹೇಳಿದೆ.

'ಕೇಳೋದಲ್ವೇನೆ ನನ್ನ?' ಎಂದರು.

'ದೇವರಿಗೆ ಒಪ್ಸಿ ಆಯ್ತು' ಎಂದೆ.

'ಆಗ್ಲಿ ಬಿಡು' ಎಂದರು. ಅಷ್ಟೇ. ನಮ್ಮ ಮನೆಯಲ್ಲಿ ದೊಡ್ಡ ವಿಚಾರಗಳೆಲ್ಲ ಅಷ್ಟರಲ್ಲೇ ಮುಗಿಯುತ್ತಿದ್ದವು.

ಗಡ್ಡ ಬಂತು. ಐವತ್ತು ದಾಟಿದ ಗಡ್ಡ, ಅರ್ಧ ಬಿಳಿ, ಅರ್ಧ ಕಪ್ಪು. ದೇವರಾಣೆಗೂ ಅವರಿಗೆ ಒಪ್ಪುತ್ತಿತ್ತು. ದೇವಸ್ಥಾನದಲ್ಲಿ ಭಜನೆಗೆ ಮುಂದೆ ಕೂರಿಸಿದರು. ವೈಕುಂಠ ಏಕಾದಶಿಗೆ ಇವರ ಕೈಯಲ್ಲೇ ಕಾಯಿ ಒಡೆಸಿದರು. ನಲ್ಲಿಯ ಹತ್ತಿರ ಹೆಂಗಸರು 'ಸ್ವಾಮಿಗಳ ಮನೆಯವ್ರು ಬಂದ್ರು, ಬಿಂದಿಗೆ ಮುಂದೆ ಬಿಡ್ರೇ' ಎನ್ನತೊಡಗಿದರು. ನೀರಿಗೆ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ನನಗೆ ಹಿತವಾಗಿತ್ತು. ಇದನ್ನು ಇಲ್ಲಿ ಹೇಳದಿದ್ದರೆ ಸುಳ್ಳು ಹೇಳಿದಂತಾಗುತ್ತದೆ.

ಮುಂದಿನ ಯುಗಾದಿಯ ಹೊತ್ತಿಗೆ ಕಂಪನಿಗೆ ಮಾಸ್ಕ್ ಬಂದವು. ಹೆಂಗಸರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಇವರು ಕ್ರೋಮ್ ತೊಟ್ಟಿಯ ಮುಂದೆ ನಿಂತು ಸ್ಕೂಟರ್ ಬಂಪರು, ಸೈಕಲ್ ಹ್ಯಾಂಡಲ್ಲು ಅದ್ದಿ ತೆಗೆಯುವ ಕೆಲಸದವರು. ಕರೆಂಟು ಹಾಯಿಸಿದಾಗ ತೊಟ್ಟಿಯಿಂದ ಆಸಿಡ್ಡಿನ ಹಬೆ ಏಳುತ್ತದೆ. ಅದು ಮೂಗಿಗೆ, ಎದೆಗೆ ಇಳಿಯದಿರಲಿ ಎಂದು ರಬ್ಬರಿನ ಮಾಸ್ಕ್. ಆ ರಬ್ಬರು ಕೆನ್ನೆಗೆ, ಗದ್ದಕ್ಕೆ ಅಂಟಿ ಕೂರಬೇಕು. ಗಡ್ಡದ ಮೇಲೆ ಅದು ಕೂರುವುದಿಲ್ಲ.

ಒಂದು ಭಾನುವಾರ ನರಸಿಂಹಯ್ಯನವರು ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು. ಚೀಲದಿಂದ ಮಾಸ್ಕ್ ತೆಗೆದು ಇವರ ಮುಖಕ್ಕೆ ಕಟ್ಟಿದರು. ಗಾಳಿ ಬರುವ ತೂತನ್ನು ಅಂಗೈಯಲ್ಲಿ ಮುಚ್ಚಿ, 'ಉಸಿರು ಎಳ್ಕೊಳ್ಳಿ ಹನುಮಂತರಾಯಪ್ಪ' ಎಂದರು. ಇವರು ಎಳೆದುಕೊಂಡರು.

'ನೋಡಿ ತಾಯಿ, ತೂತು ಮುಚ್ಚಿದ್ರೆ ಉಸಿರು ಕಟ್ಬೇಕು. ಇವ್ರಿಗೆ ಸಲೀಸಾಗಿ ಬರ್ತಿದೆ. ಅಂದ್ರೆ ಗಡ್ಡದ ಸಂದಿಯಿಂದ ಗಾಳಿ ನುಗ್ತಿದೆ. ನಾಳೆ ಗಾಳಿ ಬದ್ಲು ಆಸಿಡ್ ನುಗ್ಗುತ್ತೆ. ಇವ್ರು ನನ್ನ ಮಾತು ಕೇಳಲ್ಲ, ನೀವಾದ್ರೂ ಹೇಳಿ.'

ನಾನು ಕಾಫಿ ಕೊಟ್ಟೆ. ಕೊಟ್ಟು ಹೇಳಿದೆ, 'ದೇವರಿಗಿಂತ ನಿಮ್ಮ ರಬ್ಬರು ದೊಡ್ಡದಾ ಸಾರ್? ಬೆಟ್ಟದವನಿಗೆ ಬಿಟ್ಟ ಗಡ್ಡಕ್ಕೆ ಬೀದೀಲಿ ಕತ್ತಿ ಆಕ್ಸಿದ್ರೆ ನಮ್ಮ ಮಗಳ ಗತಿ ಏನು?'

ಆ ಹೊತ್ತಿಗೆ ನಾಗಲಕ್ಷ್ಮಿಗೆ ತಿಂಗಳು ನಿಂತಿತ್ತು. ಹೆದರಿಕೆಯಲ್ಲಿ ಆಡಿದ ಮಾತು ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಆ ಮಾತು ಆಡುವಾಗ ನನ್ನ ದನಿಯಲ್ಲಿ ಹೆದರಿಕೆ ಇರಲಿಲ್ಲ, ಜಂಬ ಇತ್ತು. ನರಸಿಂಹಯ್ಯನವರು ಕಾಫಿ ಪೂರಾ ಕುಡಿಯಲಿಲ್ಲ. ಇವರು ಮಾಸ್ಕ್ ಬಿಚ್ಚಿ, ಗಡ್ಡವನ್ನು ಬೆರಳಲ್ಲಿ ಬಾಚಿಕೊಳ್ಳುತ್ತಾ ನೆಲ ನೋಡುತ್ತಾ ಕೂತಿದ್ದರು. ಮಾರನೇ ದಿನ 'ನನ್ನ ಇಚ್ಛೆಯಿಂದಲೇ ಮಾಸ್ಕ್ ಹಾಕುತ್ತಿಲ್ಲ' ಎಂಬ ಕಾಗದಕ್ಕೆ ರುಜು ಮಾಡಿಕೊಟ್ಟರು. ನನ್ನ ಇಚ್ಛೆ ಎಂದು ಬರೆದಿತ್ತು. ಯಾರ ಇಚ್ಛೆ? ಸಾಹೇಬರೇ, ಆ ಕಾಗದ ತೆಗೆದುಕೊಂಡು ತೊಟ್ಟಿಯ ಮುಂದೆ ನಿಲ್ಲಿಸಿದ್ದು ಸರಿಯೇ, ಹಬೆ ಎಳೆಯುವ ಫ್ಯಾನು ಎಷ್ಟು ತಿಂಗಳು ಕೆಟ್ಟು ನಿಂತಿತ್ತು, ಅದನ್ನೆಲ್ಲ ಸಂಘದವರು ನಿಮ್ಮ ಹತ್ತಿರ ಕೇಳಲಿ. ನಾನು ನನ್ನ ಪಾಲಿನದನ್ನು ಹೇಳಲು ನಿಂತಿದ್ದೇನೆ.

ಎಂಬತ್ತೊಂದರ ಕಾರ್ತಿಕದಲ್ಲಿ ಮೊಮ್ಮಗಳು ಹುಟ್ಟಿದಳು. ತಿಮ್ಮಪ್ಪ ಅವನ ಮಾತು ನಡೆಸಿದ. ಇದರಲ್ಲಿ ನನಗೆ ಇವತ್ತಿಗೂ ಎಳ್ಳಷ್ಟು ಅನುಮಾನವಿಲ್ಲ. ಮಾತು ಎಳೆದಾಡಿದವಳು ನಾನು.

ಬಾಣಂತನ ಮುಗಿಯುತ್ತಲೇ ಇವರು ಕೇಳಿದರು, 'ತಿರುಪತಿ ಬಸ್ಸು ದಿನಾ ಓಗುತ್ತೆ. ಬೆಳಿಗ್ಗೆ ಅತ್ತಿದ್ರೆ ನಾಳೆ ವಾಪಸ್ಸು. ನಾನೊಬ್ನೇ ಓಗಿ ಗಡ್ಡ ಕೊಟ್ಟು ಬಂದ್ಬಿಡ್ಲಾ?'

ನಾನು ಬೇಡ ಎಂದೆ. ಮಗುವಿಗೆ ಹನ್ನೊಂದನೇ ತಿಂಗಳಲ್ಲಿ ಹುಟ್ಟುಗೂದಲು ತೆಗೆಸಬೇಕು. ಕೂಸಿನ ಮುಡಿ, ತಾತನ ಗಡ್ಡ ಎರಡೂ ಒಂದೇ ದಿನ ಒಪ್ಪಿಸಿದರೆ ನೋಡುವುದಕ್ಕೆ ಎಷ್ಟು ಚೆಂದ ಎಂದೆ. ನನ್ನ ಕಣ್ಣಿಗೆ ಚೆಂದ ಕಾಣಲಿ ಎಂದು ಇವರು ಇನ್ನೊಂದು ವರ್ಷ ಆ ಹಬೆ ಉಸಿರಾಡಿದರು.

ಹನ್ನೊಂದು ತಿಂಗಳು ತುಂಬುವುದಕ್ಕೆ ಎರಡು ವಾರ ಇದೆ ಎನ್ನುವಾಗ ಇವರ ಚಿಕ್ಕಪ್ಪ ದೊಡ್ಡಮುನಿಯಪ್ಪನವರು ಹೋಗಿಬಿಟ್ಟರು. ಸಾವಾದ ಮನೆಯವರು ಒಂದು ವರ್ಷ ಬೆಟ್ಟ ಹತ್ತಬಾರದು. ಸರಿ, ಕಾದೆವು. ವರ್ಷ ಕಳೆಯುವಾಗ ಮಗುವಿಗೆ ಎರಡನೇ ವರ್ಷ ನಡೆಯುತ್ತಿತ್ತು. ಸಮ ವರ್ಷದಲ್ಲಿ ಮುಡಿ ತೆಗೆಸಬಾರದು, ಮೂರಕ್ಕೆ ಬೀಳಲಿ ಎಂದೆ. ಮೂರಕ್ಕೆ ಬಿದ್ದಿತು. ಆಮೇಲೆ ಧನುರ್ಮಾಸದ ನೂಕುನುಗ್ಗಲು, ಕೂಸು ನಲುಗುತ್ತದೆ ಎಂದೆ. ಒಂದೊಂದೂ ಶಾಸ್ತ್ರವೇ. ಒಂದನ್ನೂ ನಾನು ಹುಟ್ಟಿಸಿ ಹೇಳಲಿಲ್ಲ. ಆದರೆ ಶಾಸ್ತ್ರ ಬಲ್ಲ ಪುರೋಹಿತರ ಹತ್ತಿರ ಹೋಗಿ, 'ಹೀಗೆ ಗಂಡನ ಆರೋಗ್ಯ ಕೆಡುತ್ತಿದೆ, ಬೇರೆ ದಾರಿ ಇದೆಯೇ' ಎಂದು ಒಂದು ಮಾತು ಕೇಳಿದೆನೇ? ಕೇಳಲಿಲ್ಲ. ದಾರಿ ಇದೆ ಎಂದುಬಿಟ್ಟರೆ ನನ್ನ ಚೆಂದ ಕೆಡುತ್ತಿತ್ತು.

ಇವರು ಅಷ್ಟೂ ದಿನ ಒದ್ದೆ ಟವಲು ಮುಖಕ್ಕೆ ಕಟ್ಟಿಕೊಂಡು ತೊಟ್ಟಿಯ ಮುಂದೆ ನಿಂತರು. ಟವಲನ್ನು ದಿನಾ ಒಗೆದವಳು ನಾನೇ. ಮೂಗಿನ ಜಾಗದಲ್ಲಿ ಅರಿಸಿನದ ಹಾಗೆ ಹಳದಿ ಕರೆ ಕೂತಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಒಂದೊಂದು ದಿನ ಅದರ ಜೊತೆ ರಕ್ತದ ಚುಕ್ಕೆ. 'ಉಷ್ಣ' ಎಂದರು ಇವರು. ಉಷ್ಣ ಎಂದು ನಾನೂ ಮಜ್ಜಿಗೆಗೆ ಜೀರಿಗೆ ಹಾಕಿ ಕೊಟ್ಟೆ. ಮಾಸ್ಕ್ ತಂದು ತೋರಿಸಿದ್ದನ್ನು ಕಣ್ಣಾರೆ ಕಂಡವಳು, ಕರೆ ಎಲ್ಲಿಂದ ಬಂತು ಎಂದು ಯೋಚನೆ ಮಾಡದೆ ಜೀರಿಗೆ ಹಾಕಿದೆ ತಾಯಂದಿರೇ.

ಕೊನೆಗೆ ಎಂಬತ್ತನಾಲ್ಕರ ಮಾಘ ಮಾಸದಲ್ಲಿ ಹೋದೆವು. ಲೆಕ್ಕ ಹಾಕಿ, ಮಾಸ್ಕ್ ಬಂದು ಮೂರು ವರ್ಷಕ್ಕೆ ಒಂದೆರಡು ತಿಂಗಳು ಕಡಿಮೆ. ಕಲ್ಯಾಣಕಟ್ಟೆಯಲ್ಲಿ ಕೂಸು ಕಿರುಚಿತು, ತಾತ ಸುಮ್ಮನೆ ಕೂತರು. ಗಡ್ಡ ಹೋದ ಮೇಲೆ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು. ಗದ್ದದ ಮೂಳೆ ಎದ್ದಿತ್ತು. ಗಡ್ಡದೊಳಗೆ ನನ್ನ ಗಂಡ ಅಷ್ಟೊಂದು ಸೊರಗಿದ್ದು ನನಗೆ ಕಂಡೇ ಇರಲಿಲ್ಲ. ಆ ಸೋಮವಾರದಿಂದ ಮಾಸ್ಕ್ ಹಾಕಿದರು. ಅಂಟಿಸಿದ ಹಾಗೆ ಕೂತಿತಂತೆ. ಆದರೆ ಆ ಬೇಸಿಗೆಯಲ್ಲೇ ಡಾಕ್ಟರು ಮೂಗು ನೋಡಿ, ಎದೆಯ ಫೋಟೋ ತೆಗೆಸಿ, ಮೂಗಿನ ಒಳಗೋಡೆ ತೂತಾಗಿದೆ, ಎದೆಯ ಅರ್ಧ ಬಲ ಹೋಗಿದೆ, ಹೋದದ್ದು ಬರುವುದಿಲ್ಲ ಎಂದರು. ಅದಕ್ಕೇ ಐವತ್ತೆಂಟಕ್ಕೆ ಆಗಬೇಕಿದ್ದ ಈ ಸಭೆ ಐವತ್ತಾರಕ್ಕೇ ಆಗುತ್ತಿದೆ. ಇವರಿಗೆ ಶಾಲು ಹೊದಿಸುತ್ತಿರುವುದು ವಯಸ್ಸಾಯಿತೆಂದಲ್ಲ, ಉಸಿರು ಸಾಲದೆಂದು.

ಇವತ್ತು ನಿಮ್ಮೆದುರು ನುಣ್ಣಗೆ ಬೋಳಿಸಿಕೊಂಡು ಕೂತಿದ್ದಾರಲ್ಲ, ಅದು ನನ್ನ ಕೈಕೆಲಸ. ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿದರೆ ಕೆಮ್ಮು ತಡೆಯುವುದಿಲ್ಲ. ಹಾಗಾಗಿ ಮನೆಯ ಪಡಸಾಲೆಯಲ್ಲಿ ನೆಟ್ಟಗೆ ಕೂರಿಸಿ ನಾನೇ ಬೋಳಿಸುತ್ತೇನೆ. ಹೆಂಗಸು ಗಂಡನ ಮುಖಕ್ಕೆ ಬ್ಲೇಡು ಹಿಡಿಯುವುದೇ ಎಂದು ಓರಗಿತ್ತಿ ಮಾರಕ್ಕ ಮೂಗು ಮುರಿದಳು. ಮುರಿಯಲಿ, ಅವಳ ಮೂಗು ನೆಟ್ಟಗಿದೆ. ಮೊದಲ ದಿನ ಮೂರು ಕಡೆ ಗಾಯ ಮಾಡಿದೆ. 'ಇಷ್ಟ್ ವರ್ಷ ಬಾಯಲ್ಲಿ ಕುಯ್ದೆ, ಈಗ ಬ್ಲೇಡಲ್ಲಾ?' ಎಂದು ನಕ್ಕರು. ನಕ್ಕಿದ್ದಕ್ಕೆ ಕಾಲು ಗಂಟೆ ಕೆಮ್ಮಿದರು.

ಒಂದು ದಿನವಾದರೂ ನನ್ನಿಂದ ಹೀಗಾಯಿತು ಎನ್ನಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಎದುರಾಡಿ ಹಗುರಾಗುತ್ತಿದ್ದೆ.

ಮೊನ್ನೆ ಬುಧವಾರ ಅಂದರು.

ಅದಕ್ಕೆ ಒಂದು ತಿಂಗಳ ಹಿಂದೆ ಸೊಣ್ಣಪ್ಪಣ್ಣನ ಹೆಂಡತಿ ಅಂಜಿನಮ್ಮ ನಮ್ಮ ಮನೆಗೆ ಬಂದಿದ್ದಳು. ಅವರ ಮಗಳಿಗೆ ಮೂರ್ಛೆ ಬರುತ್ತದೆ. ಎಲ್ಲರಿಗೂ ಗೊತ್ತಿರುವುದೇ, ಬಚ್ಚಿಡುವ ವಿಷಯವಲ್ಲ. ಕಣ್ಣಲ್ಲಿ ನೀರಿಟ್ಟುಕೊಂಡು, 'ರಾಮಕ್ಕ, ನಿಮ್ಮೆಜಮಾನ್ರ ಗಡ್ಡಕ್ಕೆ ದೇವ್ರು ಕೂಸು ಕೊಟ್ಟ. ನಮ್ಮೆಜಮಾನ್ರೂ ಬಿಟ್ರೆ ನನ್ ಮಗೀನ ಕಾಯಿಲೆ ನಿಲ್ಲಲ್ವಾ? ಯಾವತ್ತಿಂದ ಬಿಡ್ಲಿ, ನೀವೇ ಏಳಿ' ಎಂದಳು. ನಾನು ಏನು ಮಾಡಿದೆ ಎಂದುಕೊಂಡಿರಿ? ಒಳಗೆ ಗಂಡ ಕೆಮ್ಮುತ್ತಿದ್ದಾರೆ, ಹೊರಗೆ ನಾನು ಪಂಚಾಂಗ ನೋಡಿ ಶನಿವಾರ ಒಳ್ಳೆಯದು ಎಂದೆ. ಅರಿಸಿನದ ಬಟ್ಟೆಯನ್ನೂ ನಾನೇ ಕೊಟ್ಟೆ, ಮುಡಿಪನ್ನೂ ನಾನೇ ಕಟ್ಟಿಸಿದೆ. ಸೊಣ್ಣಪ್ಪಣ್ಣ ಪಾಲಿಶ್ ಸೆಕ್ಷನ್ನಿನಲ್ಲಿದ್ದಾರೆ, ಅವರಿಗೆ ತೊಟ್ಟಿಯ ಗೊಡವೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ನರಸಿಂಹಯ್ಯನವರು ಸುದ್ದಿ ಹೇಳಿ ಕಳಿಸಿದರು. ಸೋಮವಾರದಿಂದ ತೊಟ್ಟಿಗೆ, ಇವರ ಜಾಗಕ್ಕೆ, ಸೊಣ್ಣಪ್ಪಣ್ಣ.

ಇವರು ಊಟದ ತಟ್ಟೆಯ ಮುಂದೆ ಕೂತಿದ್ದವರು ಮುದ್ದೆ ಮುರಿಯಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಅಂದರು, 'ನನ್ನ ನಿಲ್ಸಿದ್ದು ಆಯ್ತು. ಅವನನ್ನೂ ನೀನೇ ನಿಲ್ಸಿಬಿಟ್ಟೆಯಲ್ಲೆ.'

ನಾಲ್ಕು ವರ್ಷದಲ್ಲಿ ಇವರು ನನಗೆ ಅಂದದ್ದು ಅದೊಂದೇ ಮಾತು. ಅದಕ್ಕೇ ನಾನು ಇವತ್ತು ಮೈಕಿನ ಮುಂದೆ ನಿಂತಿರುವುದು.

ಸೊಣ್ಣಪ್ಪಣ್ಣ, ನಾಳೆ ಭಾನುವಾರ. ಬೆಳಿಗ್ಗೆ ಎದ್ದ ತಕ್ಷಣ ಗಡ್ಡ ಬೋಳಿಸಿ. ಸೋಮವಾರ ಮಾಸ್ಕ್ ಕಟ್ಟಿಸಿಕೊಂಡು, ನರಸಿಂಹಯ್ಯನವರ ಕೈಯಲ್ಲಿ ತೂತು ಮುಚ್ಚಿಸಿ, ಉಸಿರು ಕಟ್ಟುತ್ತದೆಯೋ ಇಲ್ಲವೋ ನೋಡಿಯೇ ತೊಟ್ಟಿಯ ಹತ್ತಿರ ಹೋಗಿ. ಕಾಗದಕ್ಕೆ ರುಜು ಮಾಡಬೇಡಿ. ಅಂಜಿನಮ್ಮ, ಮಗಳ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ. ಹರಕೆ ತಪ್ಪಿದರೆ ಮಗಳಿಗೆ ಏನಾಗುತ್ತದೋ ಎಂದು ನಿನ್ನ ಎದೆ ಹೊಡೆದುಕೊಳ್ಳುತ್ತಿದೆ, ನನಗೆ ಗೊತ್ತು. ಆ ಹೆದರಿಕೆಯ ರುಚಿ ನಾನು ಕಂಡವಳು. ಹರಕೆ ತಪ್ಪಬಾರದು. ತಪ್ಪಿಸು ಎಂದು ನಾನು ಹೇಳುವುದಿಲ್ಲ. ಮುಡಿಪನ್ನು ಬಿಚ್ಚದೆ ನನ್ನ ಕೈಗೆ ಕೊಡು. ಆ ಹರಕೆಯನ್ನು ನಾನು ಹೊರುತ್ತೇನೆ. ನನ್ನ ತಲೆಗೂದಲು ಕೊಡುತ್ತೇನೆ.

ಇದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎಂಬತ್ತನೇ ಇಸವಿಯ ಆ ಶನಿವಾರ ದೇವರ ಮುಂದೆ ಕೂತಾಗ ಮೊದಲು ನನ್ನ ಬಾಯಿಗೆ ಬಂದದ್ದು ನನ್ನ ಮುಡಿಯೇ. ನನ್ನ ಜಡೆ ಆಗ ಮಂಡಿಯವರೆಗೆ ಇತ್ತು. ಸೋಬಾನೆಯ ಮನೆಗಳಲ್ಲಿ ಹೆಂಗಸರು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಮುತ್ತೈದೆ ಮುಡಿ ಕೊಡಬಾರದು ಎಂದು ಅತ್ತೆ ಹೇಳುತ್ತಿದ್ದ ಮಾತು ಸರಿಯಾದ ಹೊತ್ತಿಗೆ ನೆನಪಿಗೆ ಬಂತು. ಬೆಟ್ಟದಲ್ಲಿ ಎಷ್ಟು ಜನ ಮುತ್ತೈದೆಯರು ಕೊಡುವುದನ್ನು ನಾನು ನೋಡಿಲ್ಲ? ನನ್ನ ಕೂದಲಿಗೆ ಮನಸ್ಸು ಬರಲಿಲ್ಲ. ಆದ್ದರಿಂದ ಗಂಡನ ಗಡ್ಡ ಎಂದೆ. ತಿಮ್ಮಪ್ಪ ಕೇಳಿದ್ದಲ್ಲ ಅದು. ನನ್ನದನ್ನು ಉಳಿಸಿಕೊಂಡು ಇವರದನ್ನು ಕೊಟ್ಟೆ. ಇದನ್ನು ಇವರಿಗೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚುವಾಗ ಹೇಳಿದೆ. ಅಂಜಿನಮ್ಮನ ಹರಕೆಯನ್ನು ನಾನೇ ಹೊರುತ್ತೇನೆ ಎಂದೂ ಹೇಳಿದೆ. ಫಲ ಬರಲಿ ಎಂದು ಕಾಯುವುದಿಲ್ಲ, ಮೊದಲೇ ಹೋಗಿ ಕೊಟ್ಟುಬಿಡುತ್ತೇನೆ ಎಂದೆ.

ಬ್ಲೇಡು ಗದ್ದ ದಾಟಿತು. ಆಮೇಲೆ, 'ಯಾವತ್ತು?' ಎಂದರು.

'ಪಂಚಾಂಗ ನೋಡ್ತೀನಿ' ಎಂದೆ. ಬಾಯಿ ಅಭ್ಯಾಸ.

ನನ್ನ ಮುಂಗೈ ಹಿಡಿದುಕೊಂಡರು. 'ದಿನ ನೋಡ್ಬೇಡ ಕಣೆ. ಸುಮ್ನೆ ಬಸ್ ಅತ್ತಿಬಿಡು' ಎಂದರು.

ಸೋಮವಾರ ಬೆಳಿಗ್ಗೆ ನೀವೆಲ್ಲ ಫಸ್ಟ್ ಶಿಫ್ಟಿಗೆ ಬರುವ ಹೊತ್ತಿಗೆ ನಾನು ತಿರುಪತಿ ಬಸ್ಸಿನಲ್ಲಿರುತ್ತೇನೆ. ನಾನು ಬರುವವರೆಗೆ ಇವರಿಗೆ ಗಂಜಿ ಕೊಡುವುದಕ್ಕೆ ಮಗಳು ಬಂದಿದ್ದಾಳೆ. ಎರಡು ಮಾತು ಎಂದು ಎದ್ದವಳು ಇಷ್ಟು ಹೊತ್ತು ನಿಲ್ಲಿಸಿಕೊಂಡೆ, ಮನ್ನಿಸಿ. ಶಾಲು ಹೊದಿಸಿದ ಕೈಗಳಿಗೆ, ಬಯ್ಯದೆ ಕೇಳಿಸಿಕೊಂಡ ಕಿವಿಗಳಿಗೆ, ಆವತ್ತು ಸೈಕಲ್ ತುಳಿದುಕೊಂಡು ಬಂದ ನರಸಿಂಹಯ್ಯನವರ ಕಾಲುಗಳಿಗೆ ನನ್ನ ನಮಸ್ಕಾರ.